ಅವ್ವ ಕಿವಿಗಿಟ್ಟು ಅಲ್ಲಾಡಿಸಿದ ರೋಲರ್

ಕಾರು ಅಳಲು ಶುರುಮಾಡಿದ್ದು ಮಳೆಗಾಲ ಕಳೆದ ಮೇಲೆ. ಅಳು ಅನ್ನುವುದು ಅವ್ವನ ಮಾತು. ಬೆಳಿಗ್ಗೆ ಅಕ್ಕ ಕೀ ತಿರುಗಿಸಿದ ಕೂಡಲೇ ಇಂಜಿನ್ನಿನ ಒಂದು ಬದಿಯಿಂದ ಕುಂಯ್ ಎಂದು ಸಣ್ಣ ಸದ್ದು ಏಳುತ್ತಿತ್ತು. ಗಾಡಿ ಬಿಸಿಯಾದಂತೆ ಅಡಗುತ್ತಿತ್ತು. ಸದ್ದು ಬಂದ ದಿನಕ್ಕೆಲ್ಲ ನಾನು ಡೈರಿಯ ಅಂಚಿನಲ್ಲಿ ಒಂದೊಂದು ಗೀಟು ಹಾಕುತ್ತಾ ಬಂದೆ. ಮೊದಲ ವಾರ ಎರಡು, ಮುಂದಿನ ವಾರ ನಾಲ್ಕು. ಮೂರನೆಯ ವಾರ ಅಕ್ಕ ಕಾರು ತೆಗೆದ ಒಂದು ದಿನವೂ ಖಾಲಿ ಇರಲಿಲ್ಲ.

ಸದ್ದು ಬರುತ್ತಿದ್ದುದು ಟೈಮಿಂಗ್ ಬೆಲ್ಟಿನ ಕಡೆಯಿಂದ. ಹಲ್ಲುಗಳಿರುವ ರಬ್ಬರ್ ಪಟ್ಟಿ ಅದು. ಇಂಜಿನ್ನಿನ ಕೆಳಗೆ ತಿರುಗುವ ದಂಡವನ್ನೂ ಮೇಲೆ ತಿರುಗುವ ದಂಡವನ್ನೂ ಒಂದೇ ಲೆಕ್ಕದಲ್ಲಿ ಓಡಿಸುತ್ತದೆ. ಅದನ್ನು ಬಿಗಿಯಾಗಿ ಹಿಡಿದಿಡಲು ಎರಡು ರೋಲರ್‌ಗಳಿರುತ್ತವೆ. ಅಳುತ್ತಿದ್ದುದು ಅವುಗಳಲ್ಲೊಂದು. ರೋಲರ್ ಸಿಕ್ಕಿಕೊಂಡರೆ ಬೆಲ್ಟು ಕಿತ್ತುಹೋಗುತ್ತದೆ. ಓಡುವಾಗ ಬೆಲ್ಟು ಕಿತ್ತುಹೋದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಇಂಜಿನ್ ಕೆಟ್ಟಂತೆಯೇ. ನಮ್ಮದು ಎರಡನೇ ಕೈಯ ಕಾರು. ಬೆಲ್ಟು ಯಾವಾಗ ಬದಲಾಯಿಸಿದ್ದೆಂದು ಮಾರಿದವರಿಗೂ ನೆನಪಿರಲಿಲ್ಲ.

ಅಕ್ಕನಿಗೆ ಕಬ್ಬಾಳಿನಾಚೆಯ ಹೈಸ್ಕೂಲಿನಲ್ಲಿ ಟೀಚರ್ ಕೆಲಸ ಸಿಕ್ಕಿ ಇನ್ನೂ ವರ್ಷವಾಗಿರಲಿಲ್ಲ, ಪ್ರೊಬೇಷನ್ ನಡೆಯುತ್ತಿತ್ತು. ನಮ್ಮೂರು ಅಕ್ಕೂರಿನಿಂದ ಅಲ್ಲಿಗೆ ಎರಡು ಬಸ್ಸು. ಮೊದಲನೆಯದು ತಡವಾದರೆ ಎರಡನೆಯದು ಕಾಯುವುದಿಲ್ಲ. ಕಾರು ಕೈಕೊಟ್ಟರೆ ಕನಕಪುರದಲ್ಲಿ ರೂಮು ಮಾಡಿಕೊಂಡು ಇರಬೇಕಾಗುತ್ತಿತ್ತು. ಅದು ಅವಳಿಗೂ ಬೇಡವಾಗಿತ್ತು, ಅವ್ವನಿಗೂ, ನನಗೂ.

ಚನ್ನಪಟ್ಟಣದ ಗ್ಯಾರೇಜಿನವರು, "ಒಂದು ರೋಲರ್ ಹಾಕ್ಬುಟ್ರೆ ಸಾಕು ಮೇಡಂ, ಬೆಲ್ಟು ಇನ್ನೂ ಓಡ್ತದೆ," ಎಂದರು. ಯಾವ ರೋಲರ್ ಹಾಕುತ್ತೀರಿ ಎಂದು ಕೇಳಿದೆ. "ಒಳ್ಳೇದೇ ಹಾಕ್ತೀವಿ," ಎಂದರು. ಬಿಡದಿಯ ಕಾರ್ಖಾನೆಯೊಂದರಲ್ಲಿ ಹೊರಗಿನಿಂದ ಬಂದ ಬಿಡಿಭಾಗಗಳನ್ನು ಅಳೆದು ನೋಡಿ ಒಳಗೆ ಬಿಡುವುದು ನನ್ನ ಕೆಲಸ. ಒಳ್ಳೆಯದು ಎಂಬ ಮಾತನ್ನು ಯಾವ ಅಳತೆಪಟ್ಟಿಯೂ ಒಪ್ಪುವುದಿಲ್ಲ. ಡಿಪ್ಲೊಮಾ ಓದುವಾಗ ಎರಡು ಇಂಜಿನ್ ಬಿಚ್ಚಿ ಕಟ್ಟಿದ್ದೆ. ನಾನೇ ಹಾಕುತ್ತೇನೆ ಎಂದೆ. ಅಕ್ಕ, "ಬೆಲ್ಟು ನಿಂದು, ನಿಂಬೆಹಣ್ಣು ನಂದು. ಕೆಂಗಲ್ ಹನುಮಪ್ಪನಿಗೆ ಈಗ್ಲೇ ಹೇಳ್ಕೊಂಡಿರ್ತೀನಿ," ಎಂದಳು.

ಅವ್ವ ರೇಷ್ಮೆಗೂಡು ಮಾರಲು ರಾಮನಗರಕ್ಕೆ ಹೊರಟ ಶನಿವಾರ ನಾನೂ ಜೊತೆಗೆ ಹೋದೆ. ಹರಾಜು ಮುಗಿಸಿಕೊಂಡು ಮೊದಲು ಕಂಪನಿಯ ಶೋರೂಮಿಗೆ ಹೋಗಿ ಚಾಸಿಸ್ ನಂಬರ್ ಕೊಟ್ಟು, ನಮ್ಮ ಕಾರಿಗೆ ಹೊಂದುವ ಬೆಲ್ಟಿನ ನಂಬರನ್ನೂ ಅದರ ಹಲ್ಲುಗಳ ಲೆಕ್ಕವನ್ನೂ ಬರೆದುಕೊಂಡೆ. ಅವರಲ್ಲಿ ಸರಕು ಇರಲಿಲ್ಲ. ಹೆದ್ದಾರಿ ಬದಿಯ ಸ್ಪೇರ್ಸ್ ಅಂಗಡಿಗೆ ಬಂದೆವು. ಅಂಗಡಿಯವರು ಬೆಲ್ಟು, ರೋಲರ್ ಎಲ್ಲ ಸೇರಿದ ಎರಡು ಸೆಟ್ಟುಗಳನ್ನು ತಂದಿಟ್ಟರು. ಒಂದರ ಡಬ್ಬಿ ಮದುವೆ ಕಾರ್ಡಿನಂತೆ ಹೊಳೆಯುತ್ತಿತ್ತು. ಇನ್ನೊಂದು ಬರೀ ರಟ್ಟಿನದು.

"ಎರಡೂ ಒರಿಜಿನಲ್ಲೇ ಮೇಡಂ," ಎಂದರು.

"ಎರಡೂ ಒರಿಜಿನಲ್ ಆದ್ರೆ ಈ ಹೊಳೆಯೋದು ಯಾಕೆ ಅಷ್ಟು ಅಗ್ಗ?"

"ಅದು ಸೆಕೆಂಡ್ ಒರಿಜಿನಲ್ಲು."

ನಾನು ಹೊಳೆಯುವ ಡಬ್ಬಿಯ ಬೆಲ್ಟು ತೆಗೆದು ಬೆರಳಿನಿಂದ ಉಜ್ಜಿದೆ. ಬರೆದಿದ್ದ ಅಕ್ಷರ ಬೆರಳಿಗೆ ಬಂತು. ಹಲ್ಲುಗಳ ಬುಡದಲ್ಲಿ ರಬ್ಬರಿನ ಚೂರುಗಳು ಉಳಿದುಕೊಂಡಿದ್ದವು. ಹಲ್ಲು ಎಣಿಸಿದೆ, ಲೆಕ್ಕ ಸರಿಯಾಗಿತ್ತು. ಲೆಕ್ಕ ಸರಿಯಿದ್ದ ಮಾತ್ರಕ್ಕೆ ಮಾಲು ಸರಿಯಿರಬೇಕಿಲ್ಲ. ರಟ್ಟಿನ ಡಬ್ಬಿಯ ಬೆಲ್ಟಿನಲ್ಲಿ ಅಕ್ಷರ ಅಳಿಸಲಿಲ್ಲ, ನಂಬರೂ ಹೊಂದಿತು.

ಅಷ್ಟರಲ್ಲಿ ಅವ್ವ ಎರಡು ಸೆಟ್ಟುಗಳ ರೋಲರ್‌ಗಳನ್ನೂ ತೆಗೆದು ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಮಾಗಿದ ಗೂಡನ್ನು ನೋಡುವುದು ಹಾಗೆಯೇ. ಒಳಗಿನ ಹುಳ ಗಟಗಟ ಅಂದರೆ ಗೂಡು ಸರಿಯಾಗಿದೆ. ಸದ್ದಿಲ್ಲದಿದ್ದರೆ ಹುಳ ಸತ್ತು ಅಂಟಿಕೊಂಡಿದೆ ಎಂದರ್ಥ.

"ಇದನ್ನೇ ತಗೊ ಮಗ," ಎಂದು ಹೊಳೆಯುವ ಡಬ್ಬಿಯ ರೋಲರ್ ಕೊಟ್ಟಳು. "ಒಳಗೆ ಚೆನ್ನಾಗಿ ಆಡ್ತಾ ಐತೆ. ಇನ್ನೊಂದು ಸತ್ತೋಗಿದೆ."

ಅಂಗಡಿಯವರು ಕೌಂಟರಿನ ಮೇಲೆ ತಲೆಯಿಟ್ಟು ನಕ್ಕರು. "ಅವ್ವಾ, ಇದು ರೇಷ್ಮೆಗೂಡಲ್ಲ ಕಣವ್ವಾ."

"ಗೊತ್ತು ಬುಡಪ್ಪ. ನೀನು ಮಾರೋ ಮಾಲು, ಸದ್ದು ಯಾಕ್ ಮಾಡ್ತೈತೆ ನೀನೇ ಹೇಳು."

ನಾನು ಹೇಳಿದೆ: ಇದರೊಳಗೆ ಗುಂಡುಗಳಿವೆ, ಸುತ್ತ ಗ್ರೀಸು ತುಂಬಿರಬೇಕು. ಗ್ರೀಸು ತುಂಬಿದ್ದರೆ ಬೆರಳಲ್ಲಿ ತಿರುಗಿಸಿದಾಗ ಒಸಿ ಹಿಡಿದಂತಾಗುತ್ತದೆ, ಸದ್ದಿರುವುದಿಲ್ಲ. ಬಿಟ್ಟರೆ ಬುಗುರಿಯಂತೆ ಸುತ್ತುತ್ತಲೇ ಇರುವುದು ಒಣಗಿದ್ದು. ಅವ್ವ ಎರಡನ್ನೂ ತಿರುಗಿಸಿ ನೋಡಿದಳು.

"ಗೂಡಿಗೆ ಬೇಕಾದ ಸದ್ದು ಇದಕ್ಕೆ ಬೇಡ ಅನ್ನು."

"ಹೂಂ."

"ಸರಿ. ಇನ್ಮೇಲೆ ಉಲ್ಟಾ ನೋಡ್ತೀನಿ."

ಹಾಗೆಂದು ಸುಮ್ಮನಾಗಲಿಲ್ಲ. ಒಂದು ಬುಟ್ಟಿ ಗೂಡು ನೋಡುವವರು ತಳಕ್ಕೆ ಕೈ ಹಾಕುತ್ತಾರೆ, ಮೇಲಿನದನ್ನು ನಂಬುವುದಿಲ್ಲ. "ರಟ್ಟಿನ ಡಬ್ಬಿದೇ ತಳದಿಂದ ಒಂದು ತೆಗಿ," ಎಂದಳು. ಅಂಗಡಿಯವರು ಸಾಲಿನ ಕೆಳಗಿನಿಂದ ಎಳೆದು ಕೊಟ್ಟರು. ಅದರ ಮೇಲೆ ತಯಾರಾದ ತಾರೀಖು ನೋಡಿದೆ. ನಾವು ಕಾರು ಕೊಳ್ಳುವುದಕ್ಕೂ ಮುಂಚಿನದು. ಕಪಾಟಿನಲ್ಲಿ ಕೂತರೂ ರಬ್ಬರು ಹಳೆಯದಾಗುತ್ತದೆ. ಅದನ್ನು ವಾಪಸ್ಸಿಟ್ಟು ಮೇಲಿನದನ್ನೇ ತೆಗೆದುಕೊಂಡೆ. ಅವ್ವ ಅದಕ್ಕೂ ತಲೆಯಾಡಿಸಿದಳು. "ಇದೂ ಉಲ್ಟಾ," ಎಂದಳು.

ಉಳಿದದ್ದು ವಾಟರ್ ಪಂಪು. ಅದೂ ಅದೇ ಬೆಲ್ಟಿನಿಂದ ತಿರುಗುತ್ತದೆ. ನಮ್ಮ ಕಾರಿನದು ಸೋರುತ್ತಿರಲಿಲ್ಲ. ಒಳ್ಳೆಯ ಪಂಪು ಬೇಕಾದರೆ ಮುಂದಿನ ಶುಕ್ರವಾರದವರೆಗೆ ಕಾಯಬೇಕು ಎಂದರು. ಅಳುವ ಕಾರನ್ನು ಇನ್ನು ರಸ್ತೆಗೆ ಬಿಡುವಂತಿರಲಿಲ್ಲ, ಕಾದರೆ ಅಕ್ಕ ಒಂದು ವಾರ ಪೂರ್ತಿ ಬಸ್ಸಿನಲ್ಲಿ ಓಡಾಡಬೇಕು. ಹಳೆಯದನ್ನೇ ಬಿಟ್ಟರೆ ಭಾನುವಾರವೇ ಕೆಲಸ ಮುಗಿಯುತ್ತದೆ. ನಾನು ಹಳೆಯದನ್ನೇ ಬಿಡಲು ಹೊರಟಿದ್ದೆ.

"ಹಳೇದು ಒಳಗೇ ಇರ್ತದಾ? ಹೊಸಾದ್ರ ಪಕ್ಕದಲ್ಲೇ?" ಎಂದು ಅವ್ವ ಕೇಳಿದಳು.

"ಹೂಂ."

"ಸೋರಿದ್ರೆ ನೀರು ಎಲ್ಲಿಗೆ ಹೋಯ್ತದೆ?"

"ಬೆಲ್ಟಿನ ಮೇಲೆ."

ಆ ದಿನ ಮುಂಜಾನೆ ನಡುಮನೆಯಲ್ಲಿ ಕೂತು ಗೂಡು ಆರಿಸುವಾಗ ಅವ್ವ ಒಂದು ಕಲೆಗೂಡಿಗಾಗಿ ಇಡೀ ಬುಟ್ಟಿಯನ್ನು ಮತ್ತೆ ಸುರಿದಿದ್ದು ನನ್ನ ಕಣ್ಣಮುಂದೆ ಬಂತು. ಒಳಗೆ ಒಡೆದ ಹುಳ ಸುತ್ತಲಿನ ಗೂಡುಗಳನ್ನೂ ಕಲೆ ಮಾಡುತ್ತದೆ. ಪಂಪಿಗೂ ಹೇಳಿ, ಬೆಲ್ಟಿನ ಮೇಲೆ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲುಗಳನ್ನೂ ಬರೆಸಿ ಬಂದೆ.

ಆ ವಾರ ಅಕ್ಕ ಬಸ್ಸಿನಲ್ಲಿ ಹೋದಳು. ಎರಡು ದಿನ ತಡವಾಯಿತು. ಎರಡನೆಯ ಸಲ ಹೆಡ್‌ಮಾಸ್ಟರು ತಲೆಯೆತ್ತಿ ಗೋಡೆ ಗಡಿಯಾರವನ್ನು ನೋಡಿದರಂತೆ. ರಾತ್ರಿ ಊಟಕ್ಕೆ ಕೂತಾಗ ಅಕ್ಕ, "ನಿನ್ನ ಬೆಲ್ಟಿನ ಟೈಮಿಂಗ್ ಸರಿಹೋಗೋ ಅಷ್ಟರಲ್ಲಿ ನನ್ನ ಟೈಮಿಂಗ್ ಕೆಟ್ಟೋಯ್ತು ಕಣೇ," ಎಂದಳು. ತಮಾಷೆಯೇ, ಆದರೆ ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದಳು. ಇನ್ನೊಂದು ವಾರ ಹೀಗಾದರೆ ಕನಕಪುರದ ರೂಮಿನ ಮಾತು ಬಂದೇ ಬರುತ್ತದೆಂದು ನನಗೆ ಗೊತ್ತಾಯಿತು.

ಶುಕ್ರವಾರ ಪಂಪು ಬಂತು. ಭಾನುವಾರ ಬೆಳಿಗ್ಗೆ ಹುಳದ ಮನೆಯ ಪಕ್ಕದ ಚಪ್ಪರದಡಿ ಕಾರು ನಿಲ್ಲಿಸಿ ಜಾಕಿ ಕೊಟ್ಟೆವು. ಬಿಚ್ಚುವ ಮೊದಲು ಬೆಲ್ಟು ಸುತ್ತಿದ ಕೆಳಗಿನ, ಮೇಲಿನ ಹಲ್ಲುಚಕ್ರಗಳು ಬಂದು ನಿಲ್ಲಬೇಕಾದ ಗುರುತುಗಳ ಫೋಟೋ ತೆಗೆದೆ, ಚಕ್ರಗಳ ಮೇಲೆ ಅಕ್ಕನ ನೇಲ್ ಪಾಲಿಷಿನಿಂದ ಚುಕ್ಕಿ ಇಟ್ಟೆ. ಹಳೆಯ ಬೆಲ್ಟು ಹೊರಬಂದಾಗ ಅದರ ಬೆನ್ನಿನ ತುಂಬ ಸಣ್ಣ ಬಿರುಕುಗಳಿದ್ದವು, ಒಣಗಿದ ಕೆರೆಯ ಮಣ್ಣಿನಂತೆ. ಹಳೆಯ ಪಂಪಿನ ಕೆಳಗೆ ಬೆಳ್ಳಗೆ ಒಂದು ಗೆರೆ ಒಣಗಿತ್ತು. ಸೋರಲು ಶುರುವಾಗಿತ್ತು ಅದು. ಅವ್ವನನ್ನು ಕರೆದು ತೋರಿಸಿದೆ. ಬೆರಳಿನಲ್ಲಿ ಕೆರೆದು ನೋಡಿದಳು. "ಕಲೆ," ಎಂದಷ್ಟೇ ಹೇಳಿ ಇನ್ನೊಂದು ಬೆಳೆಯ ಹುಳಕ್ಕೆ ಸೊಪ್ಪು ಹಾಕಲು ಹೋದಳು.

ಹೊಸದನ್ನೆಲ್ಲ ಹಾಕಿ, ಬೋಲ್ಟುಗಳನ್ನು ಪುಸ್ತಕದಲ್ಲಿದ್ದಷ್ಟೇ ಬಲಕ್ಕೆ ಬಿಗಿದೆ. ಮಧ್ಯಾಹ್ನವಾಗಿತ್ತು. ಅಕ್ಕ ಕೀ ಹಿಡಿದು ಸೀಟಿನಲ್ಲಿ ಕೂತಿದ್ದಳು.

"ಹಾಕ್ಲಾ?"

"ಬೇಡ. ಕೈಯಲ್ಲೇ ತಿರುಗಿಸಿ ನೋಡ್ಬೇಕು."

ಕೆಳಗಿನ ದೊಡ್ಡ ಬೋಲ್ಟಿಗೆ ಪಾನ ಹಾಕಿ ಇಂಜಿನ್ನನ್ನು ಎರಡು ಪೂರ್ತಿ ಸುತ್ತು ನಿಧಾನವಾಗಿ ತಿರುಗಿಸಿದೆ. ಕೆಳಗಿನ ಚುಕ್ಕಿ ಗುರುತಿಗೆ ಸರಿಯಾಗಿ ನಿಂತಿತು. ಮೇಲಿನದು ಒಂದು ಹಲ್ಲು ಆಚೆಗಿತ್ತು.

"ಒಂದು ಹಲ್ಲು ತಾನೇ?" ಅಕ್ಕ ಇಣುಕಿ ಕೇಳಿದಳು.

"ಒಂದು ಹಲ್ಲೇ. ಎದ್ದು ಟೀ ಮಾಡ್ಕೊಂಡು ಬಾ."

ಮತ್ತೆ ಸಡಿಲಿಸಿ, ಬೆಲ್ಟು ತೆಗೆದು, ಒಂದು ಹಲ್ಲು ಹಿಂದಕ್ಕೆ ಕೂರಿಸಿ ಬಿಗಿದೆ. ಈ ಸಲ ತಿರುಗಿಸುವಾಗ ಕೈ ಬೆವರಿ ಪಾನ ಜಾರುತ್ತಿತ್ತು. ಎರಡು ಸುತ್ತು ಮುಗಿದಾಗ ಕೆಳಗಿನ ಚುಕ್ಕಿ ಕೆಳಗಿನ ಗುರುತಿಗೆ, ಮೇಲಿನದು ಮೇಲಿನದಕ್ಕೆ ಬಂದು ಕೂತವು. ನಂಬದೆ ಇನ್ನೆರಡು ಸುತ್ತು ತಿರುಗಿಸಿದೆ. ಮತ್ತೆ ಅಲ್ಲಿಗೇ ಬಂದವು. ಮುಚ್ಚಳ ಹಾಕಿ, ರೇಡಿಯೇಟರಿಗೆ ನೀರು ತುಂಬಿ, ಅಕ್ಕನಿಗೆ ಹೂಂ ಅಂದೆ. ಇಂಜಿನ್ ಹತ್ತಿಕೊಂಡಿತು. ಸೊಪ್ಪು ಹಾಕಿ ಬಂದಿದ್ದ ಅವ್ವನೂ ಸೇರಿ ಮೂವರೂ ಕಿವಿಗೊಟ್ಟೆವು. ಕುಂಯ್ ಇಲ್ಲ. ಅಕ್ಕ ಟೈರಿನ ಕೆಳಗೆ ನಿಂಬೆಹಣ್ಣಿಟ್ಟು ಕೆಂಗಲ್ಲಿನವರೆಗೆ ಓಡಿಸಿಕೊಂಡು ಬಂದಳು.

ಸೋಮವಾರ ಅವಳು ಹೊರಟಾಗ ನಾನು ಬಿಡದಿಯ ಪಾಳಿಗೆ ರಜೆ ಹಾಕಿದ್ದೆ. ತಲೆನೋವು ಎಂದು ಹೇಳಿದ್ದೆ. ಸಂಜೆಯವರೆಗೆ ಫೋನು ಕೈಯಲ್ಲೇ ಇತ್ತು, ಒಂದು ಸಲವೂ ಹೊಡೆದುಕೊಳ್ಳಲಿಲ್ಲ. ಅವ್ವ ಹುಳದ ಮನೆಯಲ್ಲಿ ಸೊಪ್ಪು ಹರಡುತ್ತಿದ್ದಳು. ಸಾವಿರಾರು ಹುಳಗಳು ಮೇಯುವ ಸದ್ದು, ತುಂತುರು ಮಳೆಯಂಥದ್ದು, ಬಾಗಿಲಾಚೆಗೂ ಕೇಳುತ್ತಿತ್ತು.

ಹಿಂದಿನಿಂದ ಅಕ್ಕನ ದನಿ ಬಂತು. "ಊಟಕ್ಕೇನೈತೆ?"

ಅವ್ವ ಬೆಚ್ಚಿ ತಿರುಗಿದಳು. "ಯಾವಾಗ್ ಬಂದ್ಯೇ? ಕಾರಿನ ಸದ್ದೇ ಕೇಳ್ಲಿಲ್ವಲ್ಲ."

ಅಕ್ಕ ಕೀಯನ್ನು ನನ್ನ ಮಡಿಲಿಗೆ ಎಸೆದಳು. "ಇವತ್ತು ಹೆಡ್‌ಮಾಸ್ಟ್ರಿಗಿಂತ ಮುಂಚೆ ಹೋಗಿದ್ದೆ. ಗೇಟು ತೆಗೆಯೋಕೆ ಕಾಯ್ತಾ ನಿಂತಿದ್ದೆ," ಎಂದು ಕೈಕಾಲು ತೊಳೆಯಲು ಹೋದಳು.

ಡೈರಿಯಲ್ಲಿ ಆ ದಿನದ ಪುಟದ ಅಂಚಿನಲ್ಲಿ ಗೀಟು ಹಾಕಲಿಲ್ಲ.