ಚುರುಕಿನ ಎರಡು, ನಿಧಾನದ ನಾಲ್ಕು

ಉಲ್ಹಾಸನಗರದ ಹಳೇ ಕಂಪ್ಯೂಟರ್ ಸಾಮಾನಿನ ಅಂಗಡಿಯಿಂದ ನಮ್ಮ ಮನೆಗೆ ಬಂದ ಆ ಎರಡು ಚೌಕಗಳನ್ನು ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ಕಾಜು ಕತ್ಲಿ. ಅಷ್ಟೇ ಅಗಲ, ಮೇಲೆ ಬೆಳ್ಳಿಯ ರೇಕು ಹಚ್ಚಿದಂಥ ಅದೇ ಹೊಳಪು. ತಿರುಗಿಸಿದರೆ ಅಡಿಯಲ್ಲಿ ಸಾಸಿವೆಗಿಂತ ಸಣ್ಣ ಚಿನ್ನದ ಚುಕ್ಕಿಗಳ ಸಾಲು ಸಾಲು. ಊಟದ ಸ್ಟೀಲ್ ತಟ್ಟೆಯಲ್ಲಿ ಬಟ್ಟೆ ಹಾಸಿ ಮೊಮ್ಮಗಳು ಸಾನಿಕಾ ಅವೆರಡನ್ನೂ ಪಕ್ಕಪಕ್ಕದಲ್ಲಿ ಮಲಗಿಸಿದ್ದಳು. ನಾನು ಬೆರಳು ಚಾಚಿದೆ.

"ಅಮ್ಮಮ್ಮ, ಹಾಥ್ ಮತ್ ಲಗಾನಾ. ನಿನ್ನ ಕೈಯಲ್ಲಿ ಎಣ್ಣೆ ಉಂಟು."

ನೀವು ನಗಬೇಡಿ. ನಾಲ್ಕನೆಯ ಕ್ಲಾಸಿಗೆ ಪಾಟಿಚೀಲ ಇಳಿಸಿದ ಹೆಂಗಸು ಪ್ರೊಸೆಸರಿನ ಬಗ್ಗೆ ಬರೆಯಲು ಕೂತಿದ್ದಾಳಲ್ಲ ಎಂದು ನನಗೇ ನಗು ಬರುತ್ತಿದೆ. ಆದರೆ ಎದೆ ತುಂಬಿ ಬಂದಾಗ ಯಾರಿಗಾದರೂ ಹೇಳಲೇಬೇಕು, ಠಾಕುರ್ಲಿಯ ಈ ಕಟ್ಟಡದಲ್ಲಿ ಕೇಳುವಷ್ಟು ಪುರುಸೊತ್ತು ಇರುವವರು ಯಾರೂ ಇಲ್ಲ.

ಸಾನಿಕಾ ಚಿತ್ರ ಬರೆಯುತ್ತಾಳೆ, ಬರೆದ ಚಿತ್ರಗಳನ್ನು ನಡೆಸುತ್ತಾಳೆ. ಅದನ್ನೇ ಕಲಿಸುವ ಶಾಲೆಯೊಂದಕ್ಕೆ ಸೇರಬೇಕು ಎಂಬುದು ಅವಳ ಹಟ. ಅಲ್ಲಿಗೆ ತಾನೇ ಮಾಡಿದ ಒಂದು ಪುಟ್ಟ ಸಿನಿಮಾ ಕಳಿಸಬೇಕು, ವಿಜಯದಶಮಿಯ ರಾತ್ರಿಯೊಳಗೆ. ಅವಳ ಅಪ್ಪ, ನನ್ನ ಅಳಿಯ ಪ್ರಭಾಕರ, ಕೆಟ್ಟವರಲ್ಲ. ಆದರೆ ಅರ್ಧಕ್ಕೆ ಬಿಟ್ಟ ಕೆಲಸ ಕಂಡರೆ ಅವರಿಗೆ ಆಗದು.

"ಗಿಟಾರ್ ಅರ್ಧ, ಕರಾಟೆ ಅರ್ಧ, ಈಗ ಇದು," ಎಂದಿದ್ದರು. "ಪೂರ್ತಿ ಮುಗಿಸಿ ಕಳಿಸು, ನಾನೇ ಸೇರಿಸ್ತೇನೆ. ಇಲ್ಲಾಂದ್ರೆ ಕಾಮರ್ಸ್. ಮತ್ತೆ ಮಾತಿಲ್ಲ."

ಹುಡುಗಿಯ ಹತ್ತಿರ ಇದ್ದದ್ದು ಅಪ್ಪನ ಆಫೀಸಿನವರು ಬಿಸಾಡಿದ ಒಂದು ಡಬ್ಬ. ಅದರೊಳಗಿನ ಪ್ರೊಸೆಸರ್, ಅಂದರೆ ಯಂತ್ರದ ತಲೆ, ಸತ್ತುಹೋಗಿತ್ತು. ಆ ಡಬ್ಬಕ್ಕೆ ಹೊಂದುವ ಹಳೇ ತಲೆಗಳು ಅಂಗಡಿಯಲ್ಲಿ ಎರಡು ಇದ್ದವು. ಎರಡಕ್ಕೂ ದರದಲ್ಲಿ ಒಂದು ಮಸಾಲೆ ದೋಸೆಯಷ್ಟೇ ವ್ಯತ್ಯಾಸ. ಅಂಗಡಿಯ ಸಿಂಧಿ ಯಜಮಾನರು, ಎರಡನ್ನೂ ಒಯ್ದು ಹಾಕಿ ನೋಡು, ಹಬ್ಬ ಕಳೆದ ಮೇಲೆ ಬೇಡದ್ದನ್ನು ತಂದುಕೊಡು ಎಂದಿದ್ದರಂತೆ. ಒಂದರಲ್ಲಿ ಎರಡು ಕೋರ್, ಇನ್ನೊಂದರಲ್ಲಿ ನಾಲ್ಕು. ಕೋರ್ ಎಂದರೆ ದುಡಿಯುವ ಕೈ ಎಂದು ತಿಳಿದುಕೋ ಎಂದಳು. ಎರಡು ಕೈಯದು ಸ್ವಲ್ಪ ಈಚಿನದು, ಬಲು ಚುರುಕು. ನಾಲ್ಕು ಕೈಯದು ಅದಕ್ಕಿಂತ ಹಿಂದಿನದು, ಒಂದೊಂದು ಕೈಯೂ ನಿಧಾನ. ಮೇಲಾಗಿ ಬೇಗ ಬಿಸಿಯಾಗುತ್ತದೆ, ಕರೆಂಟೂ ಹೆಚ್ಚು ತಿನ್ನುತ್ತದೆ.

ಮೊದಲ ದಿನ ಎರಡು ಕೈಯದನ್ನು ಕೂರಿಸಿದಳು. ಬೆನ್ನಿಗೆ ಗಂಧದ ಹಾಗೆ ಒಂದು ಬಿಳಿ ಲೇಪ ಹಚ್ಚಿ, ಮೇಲೆ ಫ್ಯಾನು ಬಿಗಿದು, ಗುಂಡಿ ಒತ್ತಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆ ಬೆಳಗಿತು. ಒತ್ತಿದ್ದು ತೆರೆಯಿತು, ಕೇಳಿದ್ದು ಬಂತು. ನನಗೆ ಅದು ನೋಡಿದೊಡನೆ ಹಿಡಿಸಿತು. ಮರುದಿನ ನಾಲ್ಕು ಕೈಯದರ ಸರದಿ. ಅದು ಎದ್ದು, ಆಕಳಿಸಿ, ಎಲ್ಲಿದ್ದೇನೆ ಎಂದು ಯೋಚಿಸಿ, ಆಮೇಲೆ ಕಣ್ಣು ಬಿಟ್ಟಿತು. ಫ್ಯಾನಿನ ಸದ್ದೋ, ನೆಗಡಿಯಾದವರ ಉಸಿರು.

"ಇದನ್ನು ವಾಪಸ್ ಕೊಡು ಮಗಾ," ಎಂದೆ. "ಇದು ನಿನ್ನ ಅಜ್ಜನ ಹಾಗೆ ಉಂಟು. ಚಾ ಕೇಳಿದ್ರೆ ಸಂಜೆಗೆ ಬರ್ತದೆ."

ಅವಳು ನಕ್ಕಳೇ ಹೊರತು ಒಪ್ಪಲಿಲ್ಲ. "ರುಕೋ ಅಮ್ಮಮ್ಮ, ಅಸಲಿ ಟೆಸ್ಟ್ ಅಬ್ ಹೈ." ನಿಜವಾದ ಪರೀಕ್ಷೆ ಈಗ ಎಂದು, ದಿನಕ್ಕೊಂದನ್ನು ಕೂರಿಸಿ, ತನ್ನ ಸಿನಿಮಾದ ಒಂದೇ ತುಣುಕನ್ನು ಎರಡಕ್ಕೂ ಕೊಟ್ಟಳು: ಬಿಡಿಬಿಡಿ ಚಿತ್ರಗಳನ್ನೆಲ್ಲ ಹೊಲಿದು ಒಂದೇ ಓಟ ಮಾಡುವ ಕೆಲಸ. ನನಗೆ ಗಡಿಯಾರಕ್ಕಿಂತ ಒಲೆಯ ಮೇಲೆ ನಂಬಿಕೆ. ಎರಡು ಕೈಯದು ಅದನ್ನು ಮುಗಿಸುವಷ್ಟರಲ್ಲಿ ನನ್ನ ಕುಚ್ಚಲಕ್ಕಿ ಬೆಂದು, ಬಸಿದು, ಗಂಜಿ ತಣ್ಣಗಾಗಿತ್ತು. ನಾಲ್ಕು ಕೈಯದರ ದಿನ, ಅದು ಮುಗಿಸಿದಾಗ ಅನ್ನ ಇನ್ನೂ ಕೊತಕೊತ ಕುದಿಯುತ್ತಿತ್ತು. ಸೌಟು ಹಿಡಿದು ಬಂದು ಪರದೆ ನೋಡಿದೆ. ನಿಧಾನದ್ದೇ ಗೆದ್ದಿತ್ತು.

ಅಂದಿನಿಂದ ನನ್ನ ತಲೆಯಲ್ಲಿ ಇದೇ ಸುತ್ತುತ್ತಿದೆ. ನಾನು ಇಷ್ಟು ವರ್ಷ ಮನುಷ್ಯರನ್ನು ಅಳೆದದ್ದು, ಕರೆದಾಗ ಎಷ್ಟು ಬೇಗ ಏಳುತ್ತಾರೆ ಎಂಬುದರಿಂದ. ಕಲ್ಯಾಣದಲ್ಲಿ ನಮ್ಮವರು, ಸಾನಿಕಾಳ ಅಜ್ಜ, ಒಂದು ಸಣ್ಣ ಕ್ಯಾಂಟೀನು ನಡೆಸುತ್ತಿದ್ದರು. ಒಂದು ಮಾತಿಗೆ ಉತ್ತರ ಕೊಡಲು ಅವರಿಗೆ ಅರ್ಧ ಗಳಿಗೆ ಬೇಕು. ಆದರೆ ಬೆಳಗಿನ ಗಿರಾಕಿಗಳ ನೂಕುನುಗ್ಗಲಿನಲ್ಲಿ ಹಾಲು ಉಕ್ಕದಂತೆ ನೋಡುತ್ತ, ಚಟ್ನಿಗೆ ಒಗ್ಗರಣೆ ಕೊಡುತ್ತ, ಚಿಲ್ಲರೆ ಕೊಡುತ್ತ, ಹೊಸದಾಗಿ ಊರಿನಿಂದ ಬಂದವನಿಗೆ ಯಾವ ರೈಲು ಎಲ್ಲಿ ನಿಲ್ಲುತ್ತದೆಂದು ಹೇಳುತ್ತಿದ್ದವರೂ ಅವರೇ. ಯಾವುದೂ ಸೀಯಲಿಲ್ಲ, ಯಾರಿಗೂ ಗದರಲಿಲ್ಲ. ಒಂದೇ ಕೆಲಸ ಕೊಟ್ಟು ನೋಡಿದರೆ ಸೋಮಾರಿ, ನಾಲ್ಕು ಕೊಟ್ಟು ನೋಡಿದರೆ ಬೇರೆಯೇ ಮನುಷ್ಯ. ಅವರು ಇದ್ದಾಗ ಈ ಲೆಕ್ಕ ನನಗೆ ಹೊಳೆದಿರಲಿಲ್ಲ. ಈಗ ಕಾಜು ಕತ್ಲಿಯ ಗಾತ್ರದ ಒಂದು ಲೋಹದ ಚೂರು ಹೊಳೆಸಿತು. ಹಾಗೆಂದು ಚುರುಕಿನದ್ದು ದಂಡ ಎಂದೂ ಅಲ್ಲ. ಬಾಗಿಲು ಬಡಿದವರಿಗೆ ಬೇಗ ತೆರೆಯಲು ಅಂಥವರೂ ಬೇಕು. ಯಾವ ಕೆಲಸಕ್ಕೆ ಕರೆದಿದ್ದೇವೆ ಎಂದು ಮೊದಲು ತಿಳಿಯದೆ ಯಾರ ಬೆಲೆಯನ್ನೂ ಕಟ್ಟಬಾರದು, ಅಷ್ಟೇ.

ಈ ಹೋಲಿಕೆಯಲ್ಲೇ ದಿನಗಳು ಓಡಿದವು. ನಾಲ್ಕು ಕೈಯದೇ ಇರಲಿ ಎಂದು ತೀರ್ಮಾನಿಸಿ, ಕಡೆಯ ಚಿತ್ರಗಳನ್ನೂ ತಿದ್ದಿ, ಅವಳು ಇಡೀ ಸಿನಿಮಾವನ್ನು ಹೊಲಿಯಲು ಹಚ್ಚಿದ್ದು ಆಯುಧಪೂಜೆಯ ಬೆಳಿಗ್ಗೆ. ಮಧ್ಯಾಹ್ನ ಅಳಿಯ ಸ್ನಾನ ಮಾಡಿ, ಸ್ಕೂಟರಿಗೆ, ತರಕಾರಿ ಹೆಚ್ಚುವ ನನ್ನ ಮೆಟ್ಟುಕತ್ತಿಗೆ, ನನ್ನ ಮಗಳ ಇಸ್ತ್ರಿಪೆಟ್ಟಿಗೆಗೆ ಕುಂಕುಮವಿಟ್ಟು, ಹೂವಿನ ತಟ್ಟೆಯೊಂದಿಗೆ ಡಬ್ಬದ ಮುಂದೆ ನಿಂತರು.

"ಬಂದ್ ಮಾಡು ಇದನ್ನ. ಪೂಜೆಯ ದಿನ ಆಯುಧಕ್ಕೆ ರಜೆ."

ಸಾನಿಕಾ ಗುಂಡಿಗೆ ಕೈ ಅಡ್ಡ ಹಿಡಿದಳು. "ಪಪ್ಪಾ, ಬೀಚ್ ಮೇ ಬಂದ್ ಕಿಯಾ ತೋ ಶುರು ಸೇ ಕರನಾ ಪಡೇಗಾ." ನಡುವೆ ನಿಲ್ಲಿಸಿದರೆ ಮತ್ತೆ ಮೊದಲಿನಿಂದ ಮಾಡಬೇಕಂತೆ.

"ನಾಳೆ ಶುರು ಮಾಡು."

"ನಾಳೆ ಏನಾದ್ರೂ ತಪ್ಪಾದ್ರೆ? ತಿದ್ದಲಿಕ್ಕೆ ಟೈಮೇ ಇಲ್ಲ."

ಕನ್ನಡದಲ್ಲಿ ಹೇಳಿದಳು. ಅಪ್ಪನ ಹತ್ತಿರ ಅವಳು ಕನ್ನಡ ಆಡುವುದು ಜ್ವರ ಬಂದಾಗ ಮಾತ್ರ. ನನಗೆ ತಡೆಯಲಾಗಲಿಲ್ಲ.

"ಪ್ರಭಾಕರ, ನಮ್ಮ ಕ್ಯಾಂಟೀನಿನಲ್ಲಿ ಒಲೆಗೆ ಹೂವು ಇಡ್ತಿದ್ದದ್ದು ಹಾಲು ಕಾಯ್ತಿರುವಾಗಲೇ. ಒಲೆ ಆರಿಸಿ ಪೂಜೆ ಮಾಡಿದ್ರೆ ಬಂದವರಿಗೆ ಚಾ ಎಲ್ಲಿಂದ?"

"ಅದು ಹೊಟ್ಟೆಪಾಡು ಅತ್ತೆ."

"ಇದೂ ಅದೇ ಅಂತ ಇವಳು ಹೇಳ್ತಾ ಇದ್ದಾಳಲ್ಲ. ಪೂರ್ತಿ ಮುಗಿಸು ಅಂತ ಅಂದವರು ನೀವೇ ಅಲ್ವಾ?"

ಒಳಗೆ ಫ್ಯಾನು ಏದುಸಿರು ಬಿಡುತ್ತಿತ್ತು. ಅಳಿಯ ತಟ್ಟೆ ಹಿಡಿದೇ ಬಗ್ಗಿ, ನಡೆಯುತ್ತಿದ್ದ ಯಂತ್ರಕ್ಕೇ ಬೊಟ್ಟಿಟ್ಟು, ಚೆಂಡುಹೂವು ಏರಿಸಹೋದರು.

"ಫ್ಯಾನಿನ ಜಾಲಿ ಮೇಲೆ ಬೇಡ ಪಪ್ಪಾ, ಉಸಿರು ಕಟ್ತದೆ."

ಹೂವು ಪಕ್ಕಕ್ಕೆ ಸರಿಯಿತು. ಆರತಿಯೂ ಆಯಿತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಕೆಲಸ ಮುಗಿಯಿತು. ಎಲ್ಲರೂ ನೋಡಿದೆವು. ಠಾಣೆ ಊರಿನ ಖಾಡಿಗೆ, ಸಮುದ್ರದ ಹಿನ್ನೀರಿಗೆ, ಚಳಿಗಾಲದಲ್ಲಿ ಬರುವ ಗುಲಾಬಿ ಬಣ್ಣದ ಉದ್ದ ಕಾಲಿನ ಹಕ್ಕಿ ಗೊತ್ತಲ್ಲ, ಅಂಥದೊಂದು ದಾರಿ ತಪ್ಪಿ ಬಂದು, ಠಾಣೆಗೆ ಮರಳಲು ಡೊಂಬಿವ್ಲಿಯಲ್ಲಿ ಬೆಳಗಿನ ಲೋಕಲ್ ರೈಲು ಹತ್ತುತ್ತದೆ. ಒಂದೇ ಕಾಲಿನಲ್ಲಿ ನಿಂತು ನಿದ್ದೆ ಹೋಗುತ್ತದೆ. ಯಾರೂ ಅದನ್ನು ಗಮನಿಸುವುದಿಲ್ಲ, ಯಾಕೆಂದರೆ ಆ ರೈಲಿನ ಡಬ್ಬಿಯಲ್ಲಿ ಎಲ್ಲರಿಗೂ ಒಂದು ಕಾಲಿಗಷ್ಟೇ ಜಾಗ. ನನ್ನ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅಳಿಯ ನಗಲಿಲ್ಲ. ಮತ್ತೊಮ್ಮೆ ಹಾಕು ಎಂದರು. ಇನ್ನೊಮ್ಮೆ ಎಂದರು. ಸಾನಿಕಾ ಉಗುರು ಕಚ್ಚುತ್ತ ಅವರ ಮುಖವನ್ನೇ ನೋಡುತ್ತಿದ್ದಳು.

"ತಪ್ಪು ಉಂಟು," ಎಂದರು ಕೊನೆಗೆ. "ಹಕ್ಕಿಯ ಪಕ್ಕ ನಿಂತವನ ಬ್ಯಾಗ್ ಬೆನ್ನ ಮೇಲೆ ಇದೆ. ಆ ಗರ್ದಿಯಲ್ಲಿ ಬೆನ್ನಿಗೆ ಬ್ಯಾಗ್ ಹಾಕಿದ್ರೆ ಜನ ಬಯ್ತಾರೆ. ಎದೆ ಮೇಲೆ ಇರ್ಬೇಕು. ಮತ್ತೆ ಈ ಹಕ್ಕಿ, ಠಾಣೆಯಲ್ಲಿ ಇಳೀಲಿಕ್ಕೆ ಠಾಣೆ ಬಂದ ಮೇಲೆ ಏಳುದಾ? ಅದಕ್ಕೂ ಮೊದಲು ಮುಂಬ್ರಾದಲ್ಲೇ ಬಾಗಿಲ ಹತ್ತಿರ ಬರ್ಬೇಕು. ಇಲ್ಲಾಂದ್ರೆ ಘಾಟ್ಕೋಪರಿಗೇ ಹೋಗ್ತದೆ."

"ಆದ್ರೆ ಪಪ್ಪಾ, ಇಡೀದು ಮತ್ತೆ ಹೊಲೀಬೇಕು."

"ಹೊಲಿ. ನಾಳೆ ರಾತ್ರಿವರೆಗೆ ಸಮಯ ಇದೆಯಲ್ಲ."

"ಇವತ್ತೇ ಕೂರ್ಲಾ? ಆಯುಧಪೂಜೆ..."

"ಪೂಜೆ ಆಯ್ತಲ್ಲ," ಎಂದು ಅವರು ಅಡುಗೆಮನೆಯ ಸ್ಟೂಲನ್ನು ಎಳೆದುಕೊಂಡು ಅವಳ ಪಕ್ಕ ಕೂತರು. "ಮೊದಲು ಆ ಬ್ಯಾಗ್ ತಿರುಗಿಸು. ಪಟ್ಟಿ ಹೇಗೆ ಬರ್ತದೆ ನಾನು ಹಾಕಿ ತೋರಿಸ್ತೇನೆ."

ಎದ್ದು ಹೋಗಿ ತಮ್ಮ ಆಫೀಸಿನ ಬ್ಯಾಗನ್ನು ಎದೆಗೆ ಏರಿಸಿಕೊಂಡು ಬಂದು, ಹಬ್ಬದ ಪಂಚೆಯಲ್ಲೇ, ಕಾಣದ ಕಂಬಿ ಹಿಡಿದು ನಡುಮನೆಯಲ್ಲಿ ನಿಂತರು. ರೈಲಿನ ಹಾಗೆ ಸ್ವಲ್ಪ ತೂಗಿದರು ಕೂಡ. ಸಾನಿಕಾ ಅವರನ್ನು ನೋಡಿ ನೋಡಿ ಬರೆದಳು. ಆಮೇಲೆ ಹಕ್ಕಿಯನ್ನು ಮೆಲ್ಲಗೆ ಎಬ್ಬಿಸಿ, ಮುಂಬ್ರಾ ಬರುವುದರೊಳಗೆ ಬಾಗಿಲ ಕಡೆಗೆ ನಡೆಸತೊಡಗಿದಳು.