ಗಟಾರದ ನೀರಿನ ಬಾಯಾರು

ಗಾಜಿನ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ನಮ್ಮ ಲ್ಯಾಬಿನ ಬಾಯಾರ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ನಾಲಗೆಯ ತುದಿ ಹಲ್ಲುಗಳ ನಡುವಿನಿಂದ ಇಣುಕುತ್ತಿತ್ತು. ಕನ್ನಡಕ ಹಣೆಯ ಮೇಲೆ. ಅದನ್ನೇ ಟೇಬಲ್ಲಿನ ಮೇಲೆ ಹುಡುಕುವುದು ಬೇರೆ. ತಟ್ಟೆಯಲ್ಲಿ ಕೆನೆಯಂತೆ ಹರಡಿದ ಬ್ಯಾಕ್ಟೀರಿಯಾದ ನಡುವೆ ಸೂಜಿ ಚುಚ್ಚಿದಂಥ ತೂತು ಕಂಡರೆ, ಮನೆಮಂದಿ ಉಂಡೆದ್ದಷ್ಟು ಖುಷಿಯಿಂದ “ಉಂಡಾವ ನೋಡು” ಅನ್ನುತ್ತಿದ್ದರು. ಉಂಡವು ಫೇಜ್‌ಗಳು: ಬ್ಯಾಕ್ಟೀರಿಯಾವನ್ನಷ್ಟೇ ಕೊಲ್ಲುವ, ಮನುಷ್ಯರ ತಂಟೆಗೆ ಬಾರದ ವೈರಸ್‌ಗಳು.

ಮರಾಠಿ ಸೀಮೆಯ ಧನಕವಡಿಯಲ್ಲಿ ಸಣ್ಣ ಕಾರ್ಖಾನೆ ನಮ್ಮದು. ಮಿಸಳ್ ಎಂಬ ಖಾರದ ತಿಂಡಿ ಮಾಡುವ ಹೋಟೆಲುಗಳಿಗೆ ಮೊಳಕೆ ಬರಿಸಿದ ಮಟಕಿ ಕಾಳು ಕಳಿಸುತ್ತೇವೆ. ನಾನು ಪ್ಯಾಕಿಂಗ್ ಸೂಪರ್‌ವೈಸರ್, ಹೆಸರಾದದ್ದು ಮಾತ್ರ ಅಣಕಕ್ಕೆ. ಮಾಲಕರ ಕೆಮ್ಮು, ಡ್ರೈವರನ ಆಕಳಿಕೆ, ಕಾತ್ರಜದ ಬಸ್ಸಿಗೆ ಬಾತುಕೋಳಿಯಂತೆ ಓಡುವ ನನ್ನದೇ ನಡಿಗೆ, ಯಾರನ್ನೂ ಬಿಟ್ಟಿಲ್ಲ. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ, ಕಲಬುರಗಿ ಕಡೆಯ ಈ ಬಾಯಾರು (ಆ ಕಡೆ ಮೇಡಮ್ಮಿಗೆ ಹಾಗೆನ್ನುತ್ತಾರೆ) ನಮ್ಮ ಲ್ಯಾಬಿಗೆ ಬಂದಾಗ ನನಗೆ ಹಬ್ಬ.

ಮೊಳಕೆಯ ಬೆಚ್ಚನೆ ತೇವದಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಕೂಡ ಸೊಗಸಾಗಿ ಬೆಳೆಯುತ್ತದೆ. ಅದನ್ನು ಕೊಲ್ಲುವ ಫೇಜ್‌ಗಳನ್ನು ಬಾಯಾರು ಹುಡುಕಿದ್ದು ಗಟಾರದಲ್ಲಿ. ಸೀರೆ ಎತ್ತಿ ಕಟ್ಟಿ ಬಾಟಲಿ ಮುಳುಗಿಸುತ್ತ, “ಇಲಿ ಇದ್ದಲ್ಲೇ ಬೆಕ್ಕು ಇರ್ತದ ತಮ್ಮಾ” ಅಂದಿದ್ದರು. ಆಮೇಲೆ ಸೋಸುವುದು, ಬೆಳೆಸುವುದು, ಶುದ್ಧ ಮಾಡುವುದು, ಮತ್ತೆ ಮತ್ತೆ ಪರೀಕ್ಷಿಸುವುದು, ತಿಂಗಳುಗಟ್ಟಲೆ. ಹೀಗೆ ತಯಾರಾದ ಫೇಜ್ ದ್ರಾವಣ ಸಿಂಪಡಿಸಿದ ಮಟಕಿಗೆ ಉಳ್ಳಾಗಡ್ಡಿ ಹೆಚ್ಚಿಹಾಕಿ, ಲಿಂಬೆ ಹಿಂಡಿ, ತಾವು ಮೊದಲು ತಿಂದು ನಮ್ಮ ಕೈಗೂ ಒಂದೊಂದು ಹಿಡಿ ಹಾಕುತ್ತಿದ್ದರು.

ದೊಡ್ಡ ಗಿರಾಕಿಯೊಬ್ಬರು ಪರೀಕ್ಷೆಗೆ ಮಾಲು ಕೇಳಿದರು. ಪಾಸಾದರೆ ಬಾಯಾರ ಸಿಂಪಡಣೆ ಕಾಯಂ, ಇಲ್ಲದಿದ್ದರೆ ಲ್ಯಾಬ್ ಬಂದ್ ಅಂತ ಮಾಲಕರು ಹೇಳಿಬಿಟ್ಟಿದ್ದರು. ಅದೇ ವಾರ ಊಟದ ಹೊತ್ತಿನಲ್ಲಿ ನಾನು ಡಬ್ಬಿಯ ಮುಚ್ಚಳ ಬೆಳಕಿಗೆ ಹಿಡಿದು, ಎಡಗಣ್ಣು ಮುಚ್ಚಿ, ಬಾಯಾರ ದನಿಯಲ್ಲಿ “ಗಟಾರದ ನೀರು ತಂದೀನಿ, ಮಟಕಿಗೆ ಹೊಡೀರಿ” ಅಂದೆ. ಪ್ಯಾಕಿಂಗಿನ ಹೆಂಗಸರು ಬಿದ್ದು ಬಿದ್ದು ನಕ್ಕರು. ಸೋಸಿದ್ದು, ಶುದ್ಧ ಮಾಡಿದ್ದು ನಾನು ಹೇಳಲಿಲ್ಲ. ಅದರಲ್ಲಿ ನಗು ಇರಲಿಲ್ಲ.

ಮರುದಿನ ಬಾಯಾರು ತಂದ ಮಟಕಿಗೆ ಯಾರೂ ಕೈ ಒಡ್ಡಲಿಲ್ಲ. ನಾನೂ ಒಡ್ಡಲಿಲ್ಲ.

ನಕ್ಕವರು ನಂಬಿಯೂ ಬಿಟ್ಟಿದ್ದರು. ಪರೀಕ್ಷೆಯ ಮಾಲಿಗೆ ಸಿಂಪಡಿಸಿದ ಮೇಲೆ, ಮಂದಿಯ ಹೊಟ್ಟೆಗೆ ಹೊಲಸು ಹೋಗಬಾರದೆಂದು, ಟ್ರೇ ತೊಳೆಯುವ ಬ್ಲೀಚಿಂಗ್ ನೀರಲ್ಲಿ ಅದನ್ನು ಜಾಲಿಸಿದರು. ಫೇಜ್‌ಗಳು ಸತ್ತವು. ಕಾಳಿನ ಸಂದಿಯಲ್ಲಿ ಅಡಗಿದ್ದ ಸಾಲ್ಮೊನೆಲ್ಲಾ ಉಳಿಯಿತು, ಗಿರಾಕಿಯ ವರದಿಯಲ್ಲಿ ಬಂತು.

ಬಾಯಾರು ಎರಡು ದಿನ ಆ ಮಾಲಿನ ತೂತಿಲ್ಲದ ತಟ್ಟೆಗಳನ್ನು ಬೆಳಕಿಗೆ ಹಿಡಿದು “ಎಲ್ಲಿ ಹೋದ್ವು ಇವು?” ಎಂದು ತಮ್ಮನ್ನೇ ಕೇಳಿಕೊಂಡರು. ಮಾಲು ತೊಳೆದದ್ದನ್ನು ಹೆಂಗಸರು ಅಷ್ಟರಲ್ಲಿ ನನಗೆ ಹೇಳಿದ್ದರು. ನಾನು ನಾಲ್ಕು ಹೆಜ್ಜೆ ಆಚೆ ಸ್ಟಿಕ್ಕರ್ ಅಂಟಿಸುತ್ತಿದ್ದೆ.

ಲ್ಯಾಬ್ ಮುಚ್ಚಿದ ದಿನ ಗೇಟಿನಲ್ಲಿ ಅವರೇ ನಿಂತು ಮಾತಾಡಿಸಿದರು. “ಟ್ರೇಗೆ ಬ್ಲೀಚಿಂಗ್ ವಾಸನಿ ಇತ್ತು. ಹೇಳಿದ್ರ ಆ ಹೆಣ್ಣುಮಕ್ಕಳ ಕೆಲಸ ಹೋಗ್ತದ, ಅದಕ್ಕ ಸುಮ್ನಾದೆ. ನನ್ನ ದನಿ ನೀ ಭಾಳ ಛಲೋ ತಗೀತಿ ತಮ್ಮಾ. ಮಾತೂ ಪೂರ್ತಿ ಕಲೀಬೇಕಿತ್ತು.”

ಅವರ ಚೀಲ ಎತ್ತಿ ರಿಕ್ಷಾದಲ್ಲಿಟ್ಟೆ.

ಈ ವರ್ಷ ಅವರು ತೀರಿಕೊಂಡ ಸುದ್ದಿ ಬಂದ ಮೇಲೆ ಮಾಲಕರ ಮುಂದೆ ತಪ್ಪು ಒಪ್ಪಿಕೊಂಡೆ, ಹೆಂಗಸರ ಹೆಸರೆತ್ತದೆ. ಆಗ ಯಾಕೆ ಬಾಯಿ ಬಿಡಲಿಲ್ಲ ಎಂದು ಮರಾಠಿಯಲ್ಲಿ ಕೇಳಿದರು.

ಹೊಸಬರು ಸೇರಿದಾಗ ಬಾಯಾರ ಅಣಕ ಮಾಡೆಂದು ಈಗಲೂ ಕೇಳುತ್ತಾರೆ. ಮಾಡುತ್ತೇನೆ. ಗಟಾರ ಅನ್ನುತ್ತಲೇ ನಗು ಏಳುತ್ತದೆ. ನಾನು ನಿಲ್ಲಿಸುವುದಿಲ್ಲ. ಸೋಸೀನಿ, ಬೆಳಸೀನಿ, ಶುದ್ಧ ಮಾಡೀನಿ, ನಾನೇ ಮೊದಲ ತಿಂದೀನಿ ಅಂತ ಕೊನೆತನಕ ಅವರದೇ ದನಿಯಲ್ಲಿ ಹೇಳಿ, ಅಂದು ಒಡ್ಡದ ಕೈಯನ್ನು ಮುಂದೆ ಚಾಚಿ ನಿಲ್ಲುತ್ತೇನೆ.