ಭಾವನ ಲೆಕ್ಕ ತಪ್ಪಿರಲಿಲ್ಲ

ಮೊನ್ನೆ ಗಾಂಧಿಬಜಾರಿನಲ್ಲಿ ಸೌತೆಕಾಯಿ ಆರಿಸುತ್ತಿದ್ದಾಗ ಪಕ್ಕದವರೊಬ್ಬರ ಜೇಬಿನಲ್ಲಿ ಫೋನು ಒಂದೇ ಸಲ ರಿಂಗಾಗಿ ಸುಮ್ಮನಾಯಿತು. ಮಿಸ್ಡ್ ಕಾಲ್. ಅವರು ಕೈಯನ್ನೂ ಹಾಕಲಿಲ್ಲ. ನನಗೆ ಮಾತ್ರ ಕಿವಿ ಬಿಸಿಯಾಯಿತು. ಇಷ್ಟು ವರ್ಷದ ಮೇಲೂ ಅದೇನು ಸಿಟ್ಟು ಎಂದು ನಿಮಗೆ ನಗು ಬರಬಹುದು. ಕೇಳಿದ ಮೇಲೆ ನಗಿ.

ನಮ್ಮ ಎನ್.ಆರ್. ಕಾಲೋನಿಗೆ ಬ್ರಾಡ್‌ಬ್ಯಾಂಡ್ ಹೊಸದಾಗಿ ಬಂದಿದ್ದ ಕಾಲ. ಕಾಲೇಜಿನ ಗೆಳೆಯರಾದ ಗೋಪಿ, ನಾಗರಾಜ ಮತ್ತು ನಾನು ಭಾನುವಾರ ಸಂಜೆ ನಾಲ್ಕಕ್ಕೆ ಅವರವರ ಮನೆಯ ಕಂಪ್ಯೂಟರಿನ ಮುಂದೆ ಕೂತು ಪೋಕರ್ ಆಡುತ್ತಿದ್ದೆವು. ದುಡ್ಡಿನ ಆಟವಲ್ಲ, ಪರದೆಯ ಮೇಲಿನ ಬಿಟ್ಟಿ ಚಿಪ್ಸು. ಒಬ್ಬೊಬ್ಬರಿಗೂ ಎರಡು ಗುಟ್ಟಿನ ಎಲೆ, ಎಲ್ಲರಿಗೂ ಕಾಣುವಂತೆ ನಡುವೆ ಐದು. ಧೈರ್ಯವಿದ್ದರೆ ಪಣ ಏರಿಸುತ್ತಾ ಹೋಗಬೇಕು, ಇಲ್ಲದಿದ್ದರೆ ಎಲೆ ಬಿಸಾಕಿ ಸುಮ್ಮನಿರಬೇಕು. ನನಗೆ ಎರಡನೆಯದೇ ಹೆಚ್ಚು ಅಭ್ಯಾಸ.

ನಾಲ್ಕನೆಯ ಆಟಗಾರರಾಗಿ ಭಾವನನ್ನು ಸೇರಿಸಿದವನು ನಾನೇ. ಮಲ್ಲೇಶ್ವರದಲ್ಲಿರುವ ಅಕ್ಕನ ಯಜಮಾನರು, ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ಆಗಷ್ಟೇ ನಿವೃತ್ತರಾಗಿದ್ದರು. ಹಳೆಯ ಪ್ರಶ್ನೆಪತ್ರಿಕೆಗಳ ಹಿಂಬದಿಯಲ್ಲಿ ಯಾವ ಎಲೆ ಬರುವ ಸಾಧ್ಯತೆ ಎಷ್ಟು ಎಂದು ಪೆನ್ಸಿಲಿನಲ್ಲಿ ಗುಣಿಸಿ ಭಾಗಿಸಿ ಆಡುತ್ತಿದ್ದರು. ಅಷ್ಟೆಲ್ಲ ಮಾಡಿಯೂ ವಾರವಾರ ಸೋಲುತ್ತಿದ್ದರು. ಮೊದಮೊದಲು ನಕ್ಕರು. ಮೂರು ತಿಂಗಳಾಗುವಷ್ಟರಲ್ಲಿ ನಗು ನಿಂತಿತು.

ಒಂದು ದಿನ ಅಕ್ಕ ಫೋನು ಮಾಡಿದಳು. "ನಿಮ್ಮ ಭಾವ ಪಕ್ಕದ್ಮನೆ ಹುಡುಗೀಗೆ ಲೆಕ್ಕ ಹೇಳ್ಕೊಡಲ್ಲ ಅಂದ್ಬಿಟ್ರು ಕಣೋ. ನನ್ನ ತಲೆ ಮೇಲೆ ನಂಗೇ ನಂಬಿಕೆ ಇಲ್ಲ ಅಂತಾರೆ. ಅವರಪ್ಪನಿಗೂ ಹೀಗೇ ಶುರುವಾಗಿತ್ತಂತೆ."

ಅವರ ತಂದೆ ಕೊನೆಗಾಲದಲ್ಲಿ ಮಕ್ಕಳ ಹೆಸರನ್ನೇ ಮರೆತಿದ್ದರು. ಆ ಭಾನುವಾರ ಎರಡು ರಾಜ, ಗೆಲ್ಲುವಂಥ ಎಲೆಯೇ ಬಂದರೂ ಬಿಸಾಕಿದೆ. ಭಾವ ಗೆದ್ದರು. ಆಟ ಮುಗಿದ ಕೂಡಲೇ ಅವರದೇ ಫೋನು: "ಇವತ್ತು ನನ್ನ ಲೆಕ್ಕ ಕೂಡ್ತು ಕಣೋ!" ದೊಡ್ಡ ಪುಣ್ಯ ಮಾಡಿದವನಂತೆ ನಾನು ಎರಡನೇ ಲೋಟ ಕಾಫಿ ಕುಡಿದೆ.

ಮುಂದಿನ ವಾರ ನಮ್ಮ ಮನೆಯ ಲೈನು ಕೆಟ್ಟಿತು. ಸ್ಕೂಟರ್ ಹತ್ತಿ ಚಾಮರಾಜಪೇಟೆಯ ಗೋಪಿಯ ಮನೆಗೆ ಹೋಗಿ, ಅವನ ಪಕ್ಕದಲ್ಲಿ ಕೂತು ಆಟ ನೋಡತೊಡಗಿದೆ. ಅವನ ಮೊಬೈಲು ಒಂದು ಸಲ ರಿಂಗಾಗಿ ನಿಂತಿತು. ಗೋಪಿ ಎಲೆ ಬಿಸಾಕಿದ. ಇನ್ನೊಂದು ಆಟದಲ್ಲಿ ಎರಡು ಸಲ ರಿಂಗಾಯಿತು. ಕೈಯಲ್ಲಿ ಏನೂ ಇಲ್ಲದಿದ್ದರೂ ಪಣ ಏರಿಸಿದ.

"ಯಾರೋ ಅದು?"

"ನಾಗ. ಒಂದು ರಿಂಗ್ ಅಂದ್ರೆ ನಂಗೆ ಒಳ್ಳೇ ಎಲೆ ಬಂದಿದೆ, ನೀನು ಬಿಟ್ಬಿಡು ಅಂತ. ಎರಡಾದ್ರೆ ಇಬ್ರೂ ಏರಿಸ್ತಾ ಹೋಗೋದು, ಮೇಷ್ಟ್ರು ಮಧ್ಯ ಸಿಕ್ಕಾಕೊಳ್ತಾರೆ. ಸೂಪರ್ ಅಲ್ವಾ ಮಗಾ?"

"ಇದು ಮೋಸ ಕಣೋ."

"ಬಿಟ್ಟಿ ಚಿಪ್ಸಲ್ಲಿ ಎಂಥ ಮೋಸ ಗುರು? ಫ್ರೆಂಡ್ಸು, ಒಬ್ರಿಗೊಬ್ರು ಹೆಲ್ಪ್ ಮಾಡ್ಕೋತೀವಿ."

"ನಾನೇನು ಫ್ರೆಂಡ್ ಅಲ್ವಾ?"

"ನೀನು ಹೆಂಗೂ ಸೋಲ್ತೀಯಲ್ಲ!"

ನಿಜವೇ. ಆದರೆ ಆ ಹೊತ್ತಿಗೆ ನನಗೆ ನಗು ಬರಲಿಲ್ಲ. ಪರದೆಯ ಆಚೆ, ಮಲ್ಲೇಶ್ವರದಲ್ಲಿ, ಪೆನ್ಸಿಲು ಹಿಡಿದ ಮನುಷ್ಯರೊಬ್ಬರು ತಮ್ಮ ಬುದ್ಧಿ ಮಂಕಾಗುತ್ತಿದೆ ಎಂದು ಹೆದರಿ ಕೂತಿದ್ದರು. ಇಲ್ಲಿ ಇವರಿಬ್ಬರು ಗಂಟೆ ಬಾರಿಸಿ ಆಡುತ್ತಿದ್ದರು! ಚಿಪ್ಸು ಬಿಟ್ಟಿಯಂತೆ. ಭಾವನ ನಿದ್ದೆ ಬಿಟ್ಟಿಯೇ? ಅದನ್ನೇ ಕೂಗಿ ಹೇಳಿದೆ. "ಓವರ್ ಆಗಿ ಆಡ್ಬೇಡ" ಎಂದು ಗೋಪಿ ಆಟಕ್ಕೆ ತಿರುಗಿದ. ಅವನ ತಾಯಿ ಚಕ್ಕುಲಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಬರ್ತೀನಮ್ಮ" ಎಂದವನು ಮತ್ತೆ ಆ ಮನೆಗೆ ಹೋಗಲಿಲ್ಲ.

ಅಲ್ಲಿಂದ ನೇರ ಮಲ್ಲೇಶ್ವರಕ್ಕೆ. ಎಲ್ಲ ಹೇಳಿದೆ. ಭಾವ ಎದ್ದು ಹೋಗಿ ಆ ಪ್ರಶ್ನೆಪತ್ರಿಕೆಗಳ ಕಟ್ಟನ್ನೇ ತಂದು ಒಂದೊಂದಾಗಿ ನೋಡಿದರು. "ಹಾಗಾದ್ರೆ ಇದು ಸರಿ... ಇದೂ ಸರೀನೇ" ಎನ್ನುತ್ತಾ ಒಂದೊಂದಕ್ಕೂ ಪೆನ್ಸಿಲಿನಲ್ಲಿ ಸರಿ ಗುರುತು ಹಾಕಿದರು. ಆಮೇಲೆ ತಲೆಯೆತ್ತಿ ಕೇಳಿದರು: "ಹೋದ ವಾರ ನಾನು ಗೆದ್ದೆನಲ್ಲ?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. "ಎರಡು ರಾಜ ಇತ್ತು ಭಾವ. ಬಿಸಾಕಿದೆ."

ಅವರು ಕನ್ನಡಕ ತೆಗೆದರು. "ಅವರು ನನ್ನ ಸೋಲ್ಸಿದ್ರು. ನೀನು ಗೆಲ್ಸಿದೆ. ನಾನು ಆಡಿದ್ದು ಯಾವಾಗಯ್ಯಾ?"

ಗೋಪಿಯ ಮೇಲಿನ ಸಿಟ್ಟನ್ನು ಎದೆ ಸೆಟೆಸಿ ಹೊತ್ತು ತಂದಿದ್ದವನಿಗೆ ಅದನ್ನು ಎಲ್ಲಿ ಇಳಿಸುವುದೆಂದೇ ತಿಳಿಯಲಿಲ್ಲ. ಆ ಇಬ್ಬರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ಯೋಚನೆಯೂ ಇಲ್ಲ. ಆದರೆ ಅವರನ್ನು ಬೈಯುವಾಗಲೆಲ್ಲ ನಡುವೆ ನಾಲಗೆ ಒಂದಿಷ್ಟು ತಡವರಿಸುತ್ತದೆ.

ಭಾವನಿಗೀಗ ಎಂಬತ್ತು ದಾಟಿದೆ. ಹೋದ ಭಾನುವಾರ ಅವರ ಮನೆಯಲ್ಲಿ ಚೆಸ್ ಆಡಿದೆವು. ಅವರ ರಾಣಿ ನನ್ನ ಕುದುರೆಯ ದಾರಿಗೆ ಬಂತು, ಹೊಡೆದೆ. ಅಕ್ಕ ಅಡುಗೆಮನೆಯಿಂದಲೇ ಗದರಿದಳು. "ವಯಸ್ಸಾದೋರು ಕಣೋ, ಒಂದ್ಸಲ ಬಿಟ್ಕೊಟ್ರೆ ಗಂಟೇನು ಹೋಗುತ್ತೆ ನಿಂದು?"

ಭಾವ ಆಗಲೇ ಸೋಲೊಪ್ಪಿಕೊಂಡು ಕಾಯಿಗಳನ್ನು ಮತ್ತೆ ಜೋಡಿಸುತ್ತಿದ್ದರು. "ನೀನು ಸುಮ್ನಿರೇ" ಎಂದರು ಅಕ್ಕನಿಗೆ. ಆಮೇಲೆ ನನ್ನ ಕಡೆ ನೋಡಿ, "ಈ ಸಲ ಬಿಳಿ ನಂದು" ಎಂದರು.